ಸಂದರ್ಶನಕ್ಕೆ ಯಾವ ಉಡುಪು? ತುಮಕೂರು ಜಿಲ್ಲೆಯ ಉದ್ಯೋಗಾಕಾಂಕ್ಷಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಐಟಿಐ, ಡಿಪ್ಲೊಮಾ ಅಥವಾ ಪದವಿ ಮುಗಿಸಿ ಮೊದಲ ಸಂದರ್ಶನಕ್ಕೆ ಹೊರಟವರೂ ಅವರ ತಂದೆತಾಯಿಗಳೂ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಡಲಾಗಿದೆ. ವಸಂತನರಸಾಪುರದ ಕಾರ್ಖಾನೆಗೂ ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗೂ ಒಂದೇ ಸಲಹೆ ಹೊಂದುವುದಿಲ್ಲವಾದ್ದರಿಂದ ಉತ್ತರಗಳು ಅಲ್ಲಲ್ಲಿ ಕವಲೊಡೆಯುತ್ತವೆ. ನಿಮಗೆ ಸಂಬಂಧಪಟ್ಟ ಪ್ರಶ್ನೆಯನ್ನಷ್ಟೇ ಓದಿದರೂ ಸಾಕು.

ಬಟ್ಟೆ ನೋಡಿ ಕೆಲಸ ಕೊಡುತ್ತಾರೆಯೇ?

ಕೊಡುವುದಿಲ್ಲ. ಆದರೆ ಎದುರಿಗೆ ಕುಳಿತವರ ಕಣ್ಣು ಅಭ್ಯರ್ಥಿ ಬಾಯಿ ತೆರೆಯುವ ಮೊದಲೇ ಅವರ ಬಟ್ಟೆಯ ಮೇಲೆ ಬೀಳುತ್ತದೆ ಎಂಬುದೂ ಸುಳ್ಳಲ್ಲ. ಉಡುಪಿನ ಬಗ್ಗೆ ಯೋಚಿಸಬೇಕಾದ ಮುಖ್ಯ ಕಾರಣ ಬೇರೆಯೇ ಇದೆ. ಬಿಗಿಯಾದ ಕಾಲರಿನೊಳಗೆ ಬೆರಳು ತೂರಿಸುತ್ತಲೋ, ಜಾರುವ ಸೆರಗನ್ನು ಮತ್ತೆ ಮತ್ತೆ ಎಳೆದುಕೊಳ್ಳುತ್ತಲೋ ಕುಳಿತವರಿಗೆ ಕೇಳಿದ ಪ್ರಶ್ನೆಯೇ ಸರಿಯಾಗಿ ಕಿವಿಗೆ ಬೀಳುವುದಿಲ್ಲ. ಆದ್ದರಿಂದ ಈ ಪುಟದ ಉತ್ತರಗಳು ಚೆನ್ನಾಗಿ ಕಾಣುವುದು ಹೇಗೆ ಎಂಬುದಕ್ಕಿಂತ, ಹಾಕಿಕೊಂಡ ಬಟ್ಟೆಯನ್ನು ಮರೆತು ಮಾತನಾಡುವುದು ಹೇಗೆ ಎಂಬ ಕಡೆಗೇ ಹೆಚ್ಚು ವಾಲಿವೆ.

ಸರ್ಕಾರಿ ಹುದ್ದೆಗೆ ಅರ್ಜಿ ಹಾಕಿದ್ದೇನೆ. ಈಗಲೇ ಸಂದರ್ಶನದ ಬಟ್ಟೆ ಹೊಲಿಸಬೇಕೇ?

ಮೊದಲು ನಿಮ್ಮ ಹುದ್ದೆಗೆ ಸಂದರ್ಶನ ಇದೆಯೇ ಎಂದು ಅಧಿಸೂಚನೆಯಲ್ಲಿ ನೋಡಿಕೊಳ್ಳಿ. ಕೇಂದ್ರ ಸರ್ಕಾರವು ಗ್ರೂಪ್ ‘ಸಿ’ ಮತ್ತು ಗೆಜೆಟೆಡ್ ಅಲ್ಲದ ಗ್ರೂಪ್ ‘ಬಿ’ ಹುದ್ದೆಗಳಿಗೆ 2016ರ ಜನವರಿ 1ರಿಂದ ಸಂದರ್ಶನವನ್ನೇ ಕೈಬಿಟ್ಟಿದೆ. ರಾಜ್ಯದ ಪ್ರಥಮ ದರ್ಜೆ ಮತ್ತು ದ್ವಿತೀಯ ದರ್ಜೆ ಸಹಾಯಕರ ಆಯ್ಕೆಯೂ ಲಿಖಿತ ಪರೀಕ್ಷೆಯ ಅಂಕಗಳ ಮೇಲೆಯೇ ನಡೆಯುತ್ತದೆ. ಅಂಥ ಹುದ್ದೆಗಳಿಗೆ ನಿಮ್ಮನ್ನು ಕರೆಯುವುದು ದಾಖಲೆ ಪರಿಶೀಲನೆಗೆ. ಅದಕ್ಕೆ ಒಗೆದು ಇಸ್ತ್ರಿ ಮಾಡಿದ ನಿತ್ಯದ ಬಟ್ಟೆ ಸಾಕು. ಬ್ಯಾಂಕ್ ಅಧಿಕಾರಿ ಹುದ್ದೆಯ ಮಾತು ಬೇರೆ. ಬ್ಯಾಂಕ್ ಸಿಬ್ಬಂದಿಯ ಆಯ್ಕೆ ಮಾಡುವ ಐಬಿಪಿಎಸ್ ಸಂಸ್ಥೆ ನಡೆಸುವ ಪಿಒ (ಪ್ರೊಬೇಷನರಿ ಅಧಿಕಾರಿ) ನೇಮಕಾತಿಯಲ್ಲಿ ಸಂದರ್ಶನಕ್ಕೆ 100 ಅಂಕಗಳಿದ್ದು, ಅಂತಿಮ ಪಟ್ಟಿಯಲ್ಲಿ ಮುಖ್ಯ ಪರೀಕ್ಷೆಗೂ ಸಂದರ್ಶನಕ್ಕೂ 80:20ರ ಅನುಪಾತವಿದೆ. ಅಲ್ಲಿಗೆ ತುಂಬುತೋಳಿನ ತಿಳಿಬಣ್ಣದ ಅಂಗಿ, ಗಾಢ ಬಣ್ಣದ ಪ್ಯಾಂಟು, ಅಥವಾ ಸರಳವಾದ ಸೀರೆ ಇಲ್ಲವೇ ಚೂಡಿದಾರ್ ಹೊಂದುತ್ತದೆ.

ಪರೀಕ್ಷೆಯ ವಸ್ತ್ರಸಂಹಿತೆಯನ್ನು ಸಂದರ್ಶನದ ಉಡುಪಿನೊಂದಿಗೆ ಬೆರೆಸಿಕೊಳ್ಳುವವರೂ ಇದ್ದಾರೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಬ್ಲೂಟೂತ್ ಸಾಧನ ಬಚ್ಚಿಟ್ಟುಕೊಂಡು ನಕಲು ಮಾಡಿದ ಅಕ್ರಮಗಳ ನಂತರ ತನ್ನ ನೇಮಕಾತಿ ಪರೀಕ್ಷೆಗಳಿಗೆ ತುಂಬುತೋಳಿನ ಅಂಗಿಯನ್ನೂ ಶೂಗಳನ್ನೂ ನಿಷೇಧಿಸಿ, ಅರ್ಧತೋಳಿನ ಅಂಗಿ ಮತ್ತು ತೆಳುವಾದ ಅಟ್ಟೆಯ ಚಪ್ಪಲಿಯಲ್ಲಿ ಬರಲು ಪುರುಷ ಅಭ್ಯರ್ಥಿಗಳಿಗೆ ಸೂಚಿಸಿತು. ಸಂದರ್ಶನಕ್ಕೆ ಬೇಕಾದದ್ದು ಹೆಚ್ಚುಕಡಿಮೆ ಇದರ ತದ್ವಿರುದ್ಧ. ಒಂದೇ ವಾರದಲ್ಲಿ ಎರಡೂ ಬಂದರೆ ಗೊಂದಲ ಮಾಡಿಕೊಳ್ಳಬೇಡಿ.

ಕಾರ್ಖಾನೆ ಕೆಲಸಕ್ಕೂ ಫಾರ್ಮಲ್ಸ್ ಬೇಕೇ?

ಜಿಲ್ಲೆಯಲ್ಲಿ ಅತಿ ಹೆಚ್ಚು ಕೇಳಿಬರುವ ಪ್ರಶ್ನೆ ಇದು. ವಸಂತನರಸಾಪುರ, ಅಂತರಸನಹಳ್ಳಿ, ಹಿರೇಹಳ್ಳಿಯ ಕಾರ್ಖಾನೆಗಳ ಜತೆಗೆ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ಎಚ್‌ಎಎಲ್ ಹೆಲಿಕಾಪ್ಟರ್ ಘಟಕವೂ ಸೇರಿ, ನಮ್ಮ ಹುಡುಗ ಹುಡುಗಿಯರ ಕಣ್ಣು ಈಗ ಬೆಂಗಳೂರಿನಷ್ಟೇ ಊರಿನ ಸುತ್ತಲಿನ ಕೆಲಸಗಳ ಮೇಲೂ ಇದೆ.

ಫಿಟ್ಟರ್, ಟರ್ನರ್, ವೆಲ್ಡರ್, ಎಲೆಕ್ಟ್ರಿಷಿಯನ್ ಹುದ್ದೆಗಳಿಗೆ ಬರೀ ಮಾತಿನ ಸಂದರ್ಶನವಲ್ಲದೆ ಟ್ರೇಡ್ ಟೆಸ್ಟ್ ಕೂಡ ಇರಬಹುದು. ಅರಂ ಹಿಡಿದು ಉಜ್ಜಲು, ಬಗ್ಗಿ ಅಳತೆ ತೆಗೆಯಲು, ಲೇತ್ ಮುಂದೆ ನಿಲ್ಲಲು ಹೇಳಿದಾಗ ಮೈಗೆ ಅಂಟಿದ ಜೀನ್ಸಾಗಲಿ, ಸಡಿಲವಾಗಿ ತೂಗಾಡುವ ತೋಳಾಗಲಿ ಅಡ್ಡಿ. ಚಲಿಸುವ ಯಂತ್ರದ ಬಳಿ ಹೊಂದಾಣಿಕೆಯ ಕೆಲಸ ಮಾಡುವವರು ಮೈಗೊಪ್ಪುವ ಬಿಗಿ ಉಡುಪು ಧರಿಸಿರಬೇಕು, ಅದನ್ನು ಕಾರ್ಖಾನೆಯವರೇ ಒದಗಿಸಬೇಕು ಎಂದು 1948ರ ಕಾರ್ಖಾನೆಗಳ ಕಾಯ್ದೆಯೇ ಹೇಳಿತ್ತು. ಜೋತಾಡುವ ಬಟ್ಟೆಯ ತುದಿ ತಿರುಗುವ ಭಾಗಕ್ಕೆ ಸಿಕ್ಕಿಕೊಂಡರೆ ಕೈಯೇ ಹೋಗಬಹುದು ಎಂಬುದು ಅದರ ಹಿಂದಿನ ಕಾರಣ. ಸಂದರ್ಶಿಸುವ ಮೇಲ್ವಿಚಾರಕರಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ. ಆದ್ದರಿಂದ ಗಟ್ಟಿ ಹತ್ತಿಬಟ್ಟೆಯ ಪ್ಯಾಂಟು, ಒಳಗೆ ಸಿಕ್ಕಿಸಿದ ಅಂಗಿ, ಮುಚ್ಚಿದ ಶೂ, ಕೈಯಲ್ಲಿ ಕಡಗ ಅಥವಾ ದಪ್ಪ ದಾರವಿಲ್ಲದ ಮಣಿಕಟ್ಟು, ಇಷ್ಟಿದ್ದರೆ ಕೆಲಸ ಬಲ್ಲವರು ಎಂಬ ಭಾವನೆ ತಾನಾಗಿ ಬರುತ್ತದೆ. ಐಟಿಐಯಲ್ಲಿ ತೊಟ್ಟ ಏಪ್ರನ್ ಇದ್ದರೆ ಒಗೆದು ಚೀಲದಲ್ಲಿಟ್ಟುಕೊಂಡು ಹೋಗಿ. ಕೇಳದಿದ್ದರೆ ಹೊರತೆಗೆಯುವುದು ಬೇಡ. ಹೆಣ್ಣುಮಕ್ಕಳು ಇಂಥ ಟೆಸ್ಟಿಗೆ ಉದ್ದ ದುಪಟ್ಟಾ ಬಿಟ್ಟು, ಕುರ್ತಾ ಮತ್ತು ಪ್ಯಾಂಟು ಧರಿಸಿ, ಜಡೆಯನ್ನು ಮೇಲೆತ್ತಿ ಕಟ್ಟಿಕೊಂಡು ಹೋಗುವುದು ಸುರಕ್ಷಿತ.

ಆಹಾರ ಸಂಸ್ಕರಣಾ ಘಟಕಗಳಿಗೆ ಹೋಗುವವರು ಇನ್ನೊಂದು ವಿಷಯ ಗಮನಿಸಬೇಕು. ಕೃತಕ ಉಗುರು ಮತ್ತು ಆಹಾರದೊಳಗೆ ಬೀಳಬಹುದಾದ ಸಡಿಲ ಆಭರಣಗಳನ್ನು ಆಹಾರ ಮುಟ್ಟುವ ಕೆಲಸಗಾರರು ಧರಿಸಬಾರದೆಂದು ಆಹಾರ ಸುರಕ್ಷತಾ ನಿಯಮಗಳು ಹೇಳುತ್ತವೆ. ಉಗುರು ಕತ್ತರಿಸಿ, ಬಣ್ಣ ಅಳಿಸಿ, ಗಾಜಿನ ಬಳೆ ತೆಗೆದಿಟ್ಟು ಹೋದರೆ ಈ ನಿಯಮ ನಿಮಗೆ ಹೊಸದಲ್ಲ ಎಂದು ಹೇಳದೆಯೇ ತಿಳಿಯುತ್ತದೆ.

ಅದೇ ಕಾರ್ಖಾನೆಯ ಲೆಕ್ಕಪತ್ರ ವಿಭಾಗಕ್ಕೋ ಎಚ್‌ಆರ್ ವಿಭಾಗಕ್ಕೋ ಅರ್ಜಿ ಹಾಕಿದ್ದರೆ ಕಚೇರಿಯ ಉಡುಪೇ ಸರಿ.

ಕಂಪನಿಯಲ್ಲಿ ಎಂಥ ಬಟ್ಟೆ ಹಾಕುತ್ತಾರೆಂದು ಮೊದಲೇ ತಿಳಿಯುವುದು ಹೇಗೆ?

ಕರೆ ಬಂದ ದೂರವಾಣಿಯಲ್ಲೇ ‘ಸರ್, ಉಡುಪಿನ ಬಗ್ಗೆ ಏನಾದರೂ ಸೂಚನೆ ಇದೆಯೇ?’ ಎಂದು ಕೇಳಿಬಿಡಿ. ಕೇಳಿದ್ದಕ್ಕೆ ಯಾರೂ ಹಗುರವಾಗಿ ಕಾಣುವುದಿಲ್ಲ. ಕಾರ್ಖಾನೆ ಹತ್ತಿರದಲ್ಲಿದ್ದರೆ ಶಿಫ್ಟ್ ಬಿಡುವ ಹೊತ್ತಿಗೆ ಗೇಟಿನ ಬಳಿ ಹತ್ತು ನಿಮಿಷ ನಿಂತು ನೋಡಿದರೂ ಆಯಿತು. ಅಲ್ಲಿ ಕಂಡದ್ದಕ್ಕಿಂತ ಒಂದು ಮೆಟ್ಟಿಲು ಮೇಲಿನ ಉಡುಪು ನಿಮ್ಮದಾಗಿರಲಿ, ಎರಡು ಮೆಟ್ಟಿಲು ಬೇಡ.

ಗಂಡಸರ ಅಂಗಿ, ಪ್ಯಾಂಟು ಹೇಗಿರಬೇಕು?

ಬಣ್ಣದ ಚರ್ಚೆಗೆ ಹೆಚ್ಚು ಹೊತ್ತು ಕಳೆಯಬೇಕಿಲ್ಲ. ಬಿಳಿ, ತಿಳಿನೀಲಿ, ತಿಳಿಬೂದು ಅಂಗಿಗೆ ಕಡುನೀಲಿ, ಕಪ್ಪು ಅಥವಾ ಕಡುಬೂದು ಪ್ಯಾಂಟು ಎಲ್ಲೆಡೆಯೂ ನಡೆಯುತ್ತದೆ. ಆದರೆ ಬೆವರುವವರು ತಿಳಿನೀಲಿಯನ್ನಲ್ಲ, ಬಿಳಿಯನ್ನು ಆರಿಸಿಕೊಳ್ಳುವುದು ಲೇಸು. ಮಾರ್ಚ್–ಏಪ್ರಿಲ್ ಬಿಸಿಲಿನಲ್ಲಿ ಕಂಕುಳ ಕೆಳಗಿನ ಒದ್ದೆ ಕಲೆ ನೀಲಿಯ ಮೇಲೆ ದೂರಕ್ಕೇ ಕಾಣುತ್ತದೆ. ಒಳಗೆ ಹತ್ತಿಯ ಬನಿಯನ್ ಇರಲಿ.

ಬೆಲೆಗಿಂತ ಅಳತೆಗೆ ಗಮನ ಕೊಡಿ. ದುಬಾರಿ ಬ್ರ್ಯಾಂಡಿನ ಅಂಗಿ ಹೆಗಲಿನಿಂದ ಎರಡು ಬೆರಳು ಕೆಳಗೆ ಜೋತುಬಿದ್ದಿದ್ದರೆ ಅದು ಯಾರದೋ ಅಂಗಿಯಂತೆಯೇ ಕಾಣುತ್ತದೆ. ಸಾಧಾರಣ ಬಟ್ಟೆಯನ್ನೂ ಅನುಭವಿ ಟೈಲರ್ ಒಬ್ಬರು ಮೈಗೆ ಕೂರುವಂತೆ ಮಾಡಬಲ್ಲರು. ಕನ್ನಡಿಯ ಮುಂದೆ ನಿಂತು ನೋಡಬೇಕಾದದ್ದು ಇಷ್ಟು: ತೋಳಿನ ಹೊಲಿಗೆ ಸರಿಯಾಗಿ ಹೆಗಲ ಮೂಳೆಯ ತುದಿಗೆ ಬಂದಿರಬೇಕು, ಮೇಲಿನ ಗುಂಡಿ ಹಾಕಿದಾಗ ಕಾಲರಿನೊಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು, ಕೈ ಇಳಿಬಿಟ್ಟಾಗ ಕಫ್ ಮಣಿಕಟ್ಟಿನ ಮೂಳೆಯನ್ನು ಮುಟ್ಟಬೇಕು, ಪ್ಯಾಂಟಿನ ಅಂಚು ಶೂ ಮೇಲೆ ಒಂದೇ ಒಂದು ಮಡಿಕೆಯಾಗಿ ಕೂರಬೇಕು. ಅಷ್ಟಕ್ಕೇ ಮುಗಿಸದೆ ಕುರ್ಚಿಯಲ್ಲಿ ಕುಳಿತು ಹೊಟ್ಟೆಯ ಭಾಗ ನೋಡಿಕೊಳ್ಳಿ. ನಿಂತಾಗ ಸರಿಯಾಗಿ ಕಂಡ ಅಂಗಿಯ ಗುಂಡಿಗಳ ನಡುವೆ ಕುಳಿತಾಗ ಬನಿಯನ್ ಇಣುಕುವುದುಂಟು. ಸಂದರ್ಶನ ನಡೆಯುವುದು ಕುಳಿತೇ ತಾನೆ.

ಹೊಲಿಸುವುದಾದರೆ 58 ಇಂಚು ಅಗಲದ ಬಟ್ಟೆಯಲ್ಲಿ ಸಾಧಾರಣ ಮೈಕಟ್ಟಿನವರ ತುಂಬುತೋಳಿನ ಅಂಗಿಗೆ 1.60 ಮೀಟರ್, ಪ್ಯಾಂಟಿಗೆ 1.20 ಮೀಟರ್ ಆಗುತ್ತದೆ. ಹತ್ತಿ ಬಟ್ಟೆಯನ್ನು ಹೊಲಿಯಲು ಕೊಡುವ ಮೊದಲು ನೀರಿನಲ್ಲಿ ನೆನೆಸಿ ಒಣಗಿಸಬೇಕು. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಕುಗ್ಗಿ ಕಾಲರ್ ಬಿಗಿಯಾಗುತ್ತದೆ. ಯುಗಾದಿ, ಗಣೇಶ ಚತುರ್ಥಿ, ಮದುವೆ ಮುಹೂರ್ತಗಳ ದಿನಗಳಲ್ಲಿ ಟೈಲರ್ ಹೇಳಿದ ವಾಯಿದೆಗೆ ನಾಲ್ಕು ದಿನ ಸೇರಿಸಿಯೇ ಲೆಕ್ಕ ಹಾಕುವುದು ನಮ್ಮೂರಿನಲ್ಲಿ ವಿವೇಕದ ಮಾತು.

ಟೈ, ಕೋಟು ಬೇಕೇ?

ಬ್ಯಾಂಕು, ವಿಮೆ, ದೊಡ್ಡ ಹೋಟೆಲು, ಔಷಧ ಕಂಪನಿಗಳ ಮಾರಾಟ ಪ್ರತಿನಿಧಿ ಹುದ್ದೆಗಳಿಗೆ ಟೈ ಕಟ್ಟಿದರೆ ತಪ್ಪಿಲ್ಲ. ಉಳಿದೆಡೆ ಬೇಕಿಲ್ಲ. ಮದುವೆಯ ಆರತಕ್ಷತೆಗೆ ಹೊಲಿಸಿದ ಹೊಳೆಯುವ ಕೋಟನ್ನಂತೂ ಮನೆಯಲ್ಲೇ ಬಿಡಿ.

ಹೆಣ್ಣುಮಕ್ಕಳಿಗೆ ಸೀರೆಯೇ ಕಡ್ಡಾಯವೇ?

ಕಡ್ಡಾಯವಲ್ಲ. ಮಂಡಿಯ ಕೆಳಗೆ ಬರುವ ಸರಳ ಕುರ್ತಾ, ಪಿನ್ ಮಾಡಿದ ದುಪಟ್ಟಾ ಇರುವ ಚೂಡಿದಾರ್ ಬಹುತೇಕ ಎಲ್ಲ ಸಂದರ್ಶನಗಳಿಗೂ ಒಪ್ಪುತ್ತದೆ. ಪ್ಯಾಂಟು, ಷರ್ಟು ಧರಿಸಿ ಅಭ್ಯಾಸವಿದ್ದವರು ಅದನ್ನೇ ಧರಿಸಲಿ. ಖಾಸಗಿ ಶಾಲೆ, ಪಿಯು ಕಾಲೇಜುಗಳ ಶಿಕ್ಷಕಿ ಹುದ್ದೆಗಳಿಗೆ ಮಾತ್ರ ಆಡಳಿತ ಮಂಡಳಿಯವರು ಸೀರೆಯನ್ನು ಬಯಸುವುದು ಈಗಲೂ ಸಾಮಾನ್ಯ. ಸೀರೆ ಉಟ್ಟು ಅಭ್ಯಾಸವಿಲ್ಲದವರು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಅಭ್ಯಾಸವಿಲ್ಲದವರು ಸಂದರ್ಶನದ ದಿನವೇ ಮೊದಲ ಸಲ ಸೀರೆ ಉಡಬಾರದು. ಹಿಂದಿನ ವಾರ ಒಮ್ಮೆ ಪೂರ್ತಿ ಉಟ್ಟು, ಅಂದು ಹಾಕುವ ಚಪ್ಪಲಿಯನ್ನೇ ಮೆಟ್ಟಿ, ಮೆಟ್ಟಿಲು ಹತ್ತಿ ಇಳಿದು, ಕುಳಿತು ಎದ್ದು, ನೆಲಕ್ಕೆ ಬಿದ್ದ ಫೈಲನ್ನು ಬಗ್ಗಿ ಎತ್ತಿಕೊಂಡು ನೋಡಿ. ಎಲ್ಲಿ ನೆರಿಗೆ ಕಾಲಿಗೆ ಸಿಕ್ಕುತ್ತದೆ, ಎಲ್ಲಿ ಸೆರಗು ಹೆಗಲಿನಿಂದ ಹಿಂದಕ್ಕೆ ಜಾರುತ್ತದೆ ಎಂಬುದು ಆಗಲೇ ತಿಳಿಯುತ್ತದೆ. ನೆರಿಗೆಗಳನ್ನು ಒಟ್ಟು ಸೇರಿಸಿ ಸೊಂಟದ ಒಳಗಡೆ ಒಂದು ಪಿನ್ನು, ಸೆರಗಿನ ಮಡಿಕೆಗಳನ್ನು ರವಿಕೆಗೆ ಹೊಂದಿಸಿ ಹೆಗಲ ಹಿಂಬದಿಯಲ್ಲಿ ಇನ್ನೊಂದು ಪಿನ್ನು ಹಾಕಿದರೆ ದಿನವಿಡೀ ಅದರ ಗೋಜಿಗೆ ಹೋಗಬೇಕಿಲ್ಲ. ಡೆಮೊ ಪಾಠ ಕೇಳುವ ಶಾಲೆಯಾದರೆ ಕೈಯನ್ನು ಹಲಗೆಯ ಮೇಲ್ತುದಿಗೆ ಎತ್ತಿ ಬರೆಯುವಂತೆ ಮಾಡಿ ನೋಡಿಕೊಳ್ಳಿ. ಗಿಡ್ಡ ರವಿಕೆಯ ತೊಂದರೆ ಬಯಲಾಗುವುದು ಆಗ. ಸೀಮೆಸುಣ್ಣದ ಪುಡಿ ಕಪ್ಪು, ಕಡುನೀಲಿ ಸೀರೆಯ ಮೇಲೆ ಉದುರಿ ಪಾಠ ಮುಗಿಯುವ ಹೊತ್ತಿಗೆ ಬಿಳಿ ಪಟ್ಟೆಯಾಗಿ ನಿಲ್ಲುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಗಂಜಿ ಹಾಕಿದ ಹತ್ತಿ ಸೀರೆ ಮನೆಯಿಂದ ಹೊರಡುವಾಗ ಬಹಳ ಚೆಂದ. ಆದರೆ ಪಾವಗಡದಿಂದಲೋ ಮಧುಗಿರಿಯಿಂದಲೋ ಬಸ್ಸಿನಲ್ಲಿ ಗಂಟೆಗಟ್ಟಲೆ ಕುಳಿತು ಬಂದಾಗ ಅದರ ಹಿಂಬದಿ ಮುದುಡಿರುತ್ತದೆ. ದೂರದಿಂದ ಬರುವವರಿಗೆ ಪಾಲಿಕಾಟನ್, ಕ್ರೇಪ್ ಮೊದಲಾದ ಮುದುಡದ ಬಟ್ಟೆ ವಾಸಿ. ರೇಷ್ಮೆ ಸೀರೆ ಮದುವೆ ಮನೆಗಿರಲಿ. ಒಡವೆಯ ಬಗ್ಗೆ ಒಂದೇ ಮಾತು: ಕೈ ಆಡಿಸಿದಾಗ ಸದ್ದು ಮಾಡುವಂಥದ್ದು ಬೇಡ.

ಹೊಸ ಬಟ್ಟೆಗೆ ಹಣವಿಲ್ಲ. ಗೆಳೆಯರ ಬಟ್ಟೆ ಹಾಕಿಕೊಂಡು ಹೋಗಬಹುದೇ?

ಧಾರಾಳವಾಗಿ ಹೋಗಬಹುದು, ಅಳತೆ ಸರಿಹೊಂದುವುದಾದರೆ. ಸಾಲ ಮಾಡಿ ಬಟ್ಟೆ ಕೊಳ್ಳುವುದಕ್ಕಿಂತ ಅಣ್ಣನದೋ ಗೆಳತಿಯದೋ ಅಂಗಿ ಕೇಳಿ ಪಡೆಯುವುದು ನೂರು ಪಾಲು ಮೇಲು. ಆದರೆ ಸಾಲದ ಶೂ ಮಾತ್ರ ಬೇಡ. ಒಂದು ಅಳತೆ ಹೆಚ್ಚುಕಡಿಮೆಯಾದರೂ ಬಸ್ ನಿಲ್ದಾಣದಿಂದ ಕಂಪನಿ ಗೇಟಿಗೆ ನಡೆಯುವಷ್ಟರಲ್ಲಿ ಹಿಮ್ಮಡಿ ಬೊಬ್ಬೆ ಎದ್ದಿರುತ್ತದೆ.

ಹಲವರು ಗಮನಿಸದ ಒಂದು ದಾರಿಯೂ ಇದೆ. ಡಿಪ್ಲೊಮಾ ಅಥವಾ ಪಿಯು ಕಾಲೇಜಿನ ಸಮವಸ್ತ್ರದ ಪ್ಯಾಂಟು ಬೂದು ಅಥವಾ ಕಡುನೀಲಿ ಬಣ್ಣದ್ದಾಗಿದ್ದರೆ, ಅದನ್ನು ಚೆನ್ನಾಗಿ ಒಗೆದು, ಅಂಚು ಬಿಚ್ಚಿಸಿ ಉದ್ದ ಸರಿಪಡಿಸಿಕೊಂಡರೆ ಸಂದರ್ಶನಕ್ಕೆ ಸೊಗಸಾಗಿ ಒದಗುತ್ತದೆ. ಕ್ಯಾಂಪಸ್ ಸಂದರ್ಶನಕ್ಕೆ ಸಮವಸ್ತ್ರದಲ್ಲೇ ಹೋಗುವುದರಲ್ಲಿ ಯಾವ ಕುಂದೂ ಇಲ್ಲ; ಎಲ್ಲರೂ ಒಂದೇ ಬಗೆಯ ಬಟ್ಟೆಯಲ್ಲಿ ಕುಳಿತಾಗ ಉಳ್ಳವರು, ಇಲ್ಲದವರು ಎಂಬ ಭೇದವೂ ಮರೆಯಾಗುತ್ತದೆ ಎಂಬ ಕಾರಣಕ್ಕೆ ನಾವು ಅದನ್ನೇ ಒತ್ತಿ ಹೇಳುತ್ತೇವೆ. ಕೊಳ್ಳಲೇಬೇಕಾದರೆ ಇರುವ ಹಣವನ್ನು ಮೊದಲು ಶೂಗೆ, ಆಮೇಲೆ ಪ್ಯಾಂಟಿಗೆ, ಕೊನೆಗೆ ಅಂಗಿಗೆ ಹಂಚಿ. ಅಂಗಿ ಎರವಲು ಸಿಗುವುದು ಸುಲಭ.

ಇಸ್ತ್ರಿಯ ವಿಷಯದಲ್ಲಿ ಏನು ಎಚ್ಚರ ಬೇಕು?

ಕಪ್ಪು ಸಿಂಥೆಟಿಕ್ ಪ್ಯಾಂಟಿನ ಮೇಲೆ ನೇರವಾಗಿ ಬಿಸಿ ಪೆಟ್ಟಿಗೆ ಒತ್ತಿದರೆ ಹೊಳೆಯುವ ಕಲೆ ಬೀಳುತ್ತದೆ, ಅದು ಮತ್ತೆ ಹೋಗುವುದಿಲ್ಲ. ಒಳಗು ಹೊರಗು ಮಾಡಿ, ಮೇಲೆ ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಮಾಡಬೇಕು. ಇದ್ದಿಲಿನ ಪೆಟ್ಟಿಗೆಗೆ ಬಿಳಿ ಅಂಗಿ ಕೊಡುವುದಾದರೆ ಹಿಂದಿನ ದಿನವೇ ಕೊಟ್ಟು ತಂದು, ಬೂದಿಯ ಕಲೆ ಬಿದ್ದಿದೆಯೇ ಎಂದು ಬೆಳಕಿನಲ್ಲಿ ನೋಡಿಕೊಳ್ಳಿ. ಬೆಳಿಗ್ಗೆ ಇಸ್ತ್ರಿ ಮಾಡಿದರಾಯಿತು ಎಂದು ಕುಳಿತವರಿಗೆ ಕರೆಂಟು ಕೈಕೊಡುವುದುಂಟು.

ಬೆಂಗಳೂರಿಗೆ ಹೋಗಿ ಮುಟ್ಟುವಷ್ಟರಲ್ಲಿ ಬಟ್ಟೆ ಮುದುಡಿರುತ್ತದೆ. ಏನು ಮಾಡುವುದು?

ತುಮಕೂರಿನಿಂದ ಬೆಂಗಳೂರಿಗೆ ಎಪ್ಪತ್ತು ಕಿಲೋಮೀಟರ್. ಬೆಳಗಿನ ರೈಲಿನಲ್ಲಿ ನಿಲ್ಲಲು ಜಾಗ ಸಿಕ್ಕರೆ ಅದೃಷ್ಟ. ಬಸ್ಸಿನಲ್ಲಿ ಗೊರಗುಂಟೆಪಾಳ್ಯದವರೆಗೆ ಹೋದರೆ ದೂಳು, ಹೊಗೆ, ಬೆವರು ಮೂರೂ ಅಂಗಿಗೆ ಸೇರುತ್ತವೆ. ಸಂದರ್ಶನದ ಅಂಗಿಯನ್ನು ಮೈಮೇಲೆ ಹಾಕಿಕೊಳ್ಳದೆ ಚೀಲದಲ್ಲಿ ಒಯ್ಯುವುದೇ ಇದಕ್ಕೆ ಮದ್ದು. ಅಂಗಿಯ ಎಲ್ಲ ಗುಂಡಿ ಹಾಕಿ, ಬೆನ್ನಿನೊಳಗೆ ಒಂದು ದಿನಪತ್ರಿಕೆ ಮಡಚಿಟ್ಟು, ಫೈಲಿನ ಪಕ್ಕ ನೇರವಾಗಿ ನಿಲ್ಲುವಂತೆ ಇಟ್ಟರೆ ಗೆರೆ ಬೀಳುವುದು ಕಡಿಮೆ. ಪತ್ರಿಕೆಯ ಮಸಿ ಬಿಳಿ ಬಟ್ಟೆಗೆ ಹತ್ತದಂತೆ ಅದಕ್ಕೊಂದು ಪ್ಲಾಸ್ಟಿಕ್ ಹೊದಿಕೆ ಇರಲಿ. ಪ್ಯಾಂಟು, ಶೂ ಹಾಕಿಕೊಂಡೇ ಹೊರಟು, ಮೇಲೆ ಟೀ ಷರ್ಟು ತೊಟ್ಟು, ತಲುಪಿದ ಮೇಲೆ ರೈಲು ನಿಲ್ದಾಣದ ಕಾಯುವ ಕೋಣೆಯಲ್ಲೋ ಕಂಪನಿಯ ಶೌಚಾಲಯದಲ್ಲೋ ಬದಲಿಸಿಕೊಳ್ಳಬಹುದು. ಅದಕ್ಕೆ ಬೇಕಾದ ಹೆಚ್ಚುವರಿ ಅರ್ಧ ಗಂಟೆಯನ್ನು ಪ್ರಯಾಣದ ಲೆಕ್ಕದಲ್ಲೇ ಸೇರಿಸಿಕೊಳ್ಳಿ. ಮಾದಾವರದಲ್ಲಿ ಬಸ್ಸಿಳಿದು ಮೆಟ್ರೊ ಹಿಡಿಯುವವರಿಗೆ ಉಳಿದ ದಾರಿ ತಂಪಾಗಿರುತ್ತದೆ.

ಸೀರೆ ಉಡುವವರಿಗೆ ದಾರಿಯಲ್ಲಿ ಬದಲಿಸುವುದು ಕಷ್ಟ. ಬೆಂಗಳೂರಿನಲ್ಲಿ ನೆಂಟರ ಮನೆ ಇದ್ದರೆ ಹಿಂದಿನ ರಾತ್ರಿಯೇ ಹೋಗಿ ಉಳಿದುಕೊಳ್ಳಿ, ಇಲ್ಲದಿದ್ದರೆ ಚೂಡಿದಾರ್ ಆರಿಸಿಕೊಳ್ಳಿ.

ಶೂ ಕಡ್ಡಾಯವೇ?

ಕಚೇರಿ ಕೆಲಸಕ್ಕೂ ಕಾರ್ಖಾನೆಗೂ ಮುಚ್ಚಿದ ಶೂ ಬೇಕು. ಕಪ್ಪು ಬಣ್ಣದ್ದು, ಅದೇ ಬಣ್ಣದ ಬೆಲ್ಟು, ಕಡು ಬಣ್ಣದ ಕಾಲುಚೀಲ. ಬಿಳಿ ಕಾಲುಚೀಲ ಆಟದ ಮೈದಾನಕ್ಕೆ. ಹೊಸ ಶೂವನ್ನು ಒಂದು ವಾರ ಮನೆಯಲ್ಲೇ ಹಾಕಿಕೊಂಡು ಓಡಾಡಿ ಪಳಗಿಸಿ.

ವಿಭೂತಿ, ಹಿಜಾಬ್, ಅಯ್ಯಪ್ಪ ಮಾಲೆ ಇದ್ದರೆ ತೊಂದರೆಯಾಗುತ್ತದೆಯೇ?

ಧರ್ಮದ ಕಾರಣದಿಂದ ಯಾರಿಗೂ ಸರ್ಕಾರಿ ಉದ್ಯೋಗದಲ್ಲಿ ತಾರತಮ್ಯ ಮಾಡುವಂತಿಲ್ಲ ಎಂದು ಸಂವಿಧಾನದ 16ನೇ ವಿಧಿ ಹೇಳುತ್ತದೆ. ಖಾಸಗಿ ಕಂಪನಿಗಳಲ್ಲೂ ಹಣೆಯ ವಿಭೂತಿ, ಕುಂಕುಮ, ಕೊರಳಿನ ಇಷ್ಟಲಿಂಗ, ತಲೆಯ ಹಿಜಾಬ್ ಅಥವಾ ಪೇಟವನ್ನು ನೀವು ದಿನವೂ ಧರಿಸುವವರಾಗಿದ್ದರೆ ಸಂದರ್ಶನದ ದಿನ ಮಾತ್ರ ಬಿಟ್ಟು ಹೋಗುವುದು ಬೇಡ ಎಂಬುದು ನಮ್ಮ ಅಭಿಪ್ರಾಯ. ನಾಳೆ ಕೆಲಸಕ್ಕೆ ಹೋಗುವುದೂ ನೀವೇ. ಯಂತ್ರದ ಸುರಕ್ಷತೆಗೋ ಆಹಾರದ ಶುಚಿತ್ವಕ್ಕೋ ಸಂಬಂಧಿಸಿದ ನಿಯಮವನ್ನು ಅವರು ಹೇಳಿದರೆ, ಅದು ಎಲ್ಲರಿಗೂ ಒಂದೇ ಆಗಿದ್ದರೆ, ಆ ಬಗ್ಗೆ ಅಲ್ಲೇ ಶಾಂತವಾಗಿ ಮಾತನಾಡಿ.

ನವೆಂಬರಿನಿಂದ ಜನವರಿವರೆಗೆ ಮಾಲೆ ಧರಿಸಿದವರ ಪ್ರಶ್ನೆ ವಿಶೇಷವಾಗಿ ಬರುತ್ತದೆ. ಕಪ್ಪು ಬಟ್ಟೆ, ಬರಿಗಾಲು, ಬೆಳೆದ ಗಡ್ಡ ವ್ರತದ ಭಾಗವಾದ್ದರಿಂದ ಕರೆ ಬಂದಾಗಲೇ ತಿಳಿಸಿಬಿಡುವುದು ಒಳ್ಳೆಯದು. ಕಪ್ಪು ಪ್ಯಾಂಟು ಮತ್ತು ಕಪ್ಪು ಅಂಗಿಯನ್ನು ಅಚ್ಚುಕಟ್ಟಾಗಿ ಧರಿಸಿ ಹೋಗಬಹುದು. ಕಾರ್ಖಾನೆಯ ಒಳಗೆ ಬರಿಗಾಲಿನಲ್ಲಿ ಬಿಡುವುದಿಲ್ಲವಾದ್ದರಿಂದ ಟ್ರೇಡ್ ಟೆಸ್ಟ್ ಇದ್ದರೆ ಬೇರೆ ದಿನಾಂಕ ಕೇಳಿ.

ಗಡ್ಡ, ಸೆಂಟು, ಕೈಗಡಿಯಾರ?

ಗಡ್ಡವನ್ನು ಅಂಚು ತಿದ್ದಿ ಇಟ್ಟುಕೊಂಡರೆ ಯಾರ ತಕರಾರೂ ಇರುವುದಿಲ್ಲ. ಮುಚ್ಚಿದ ಎಸಿ ಕೋಣೆಯಲ್ಲಿ ಸೆಂಟಿನ ವಾಸನೆ ತಲೆನೋವು ತರಬಹುದು, ಸ್ನಾನವೇ ಸಾಕು. ಮನೆಯಲ್ಲಿ ತಾತನ ಕಾಲದ ಎಚ್‌ಎಂಟಿ ಗಡಿಯಾರ ನಡೆಯುತ್ತಿದ್ದರೆ ಸಂತೋಷವಾಗಿ ಕಟ್ಟಿಕೊಳ್ಳಿ. ಒಂದು ಕಾಲಕ್ಕೆ ಅದು ನಮ್ಮೂರಿನಲ್ಲೇ ತಯಾರಾಗುತ್ತಿತ್ತು. ನಡೆಯದ ಗಡಿಯಾರ ಮಾತ್ರ ಬೇಡ, ಸಮಯ ಕೇಳಿದರೆ ಪೇಚು.

ವಿಡಿಯೊ ಸಂದರ್ಶನಕ್ಕೆ ಮೇಲಿನ ಅಂಗಿಯಷ್ಟೇ ಸಾಕಲ್ಲವೇ?

ಸಾಲದು. ಗುರುತಿನ ಚೀಟಿ ತೋರಿಸಿ ಎಂದಾಗಲೋ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತುಬಂದಾಗಲೋ ಏಳಬೇಕಾಗುತ್ತದೆ, ಆದ್ದರಿಂದ ಪೂರ್ತಿ ಉಡುಪು ಧರಿಸಿ. ಸಣ್ಣ ಸಣ್ಣ ಗೆರೆ, ಚೌಕುಳಿಯ ಅಂಗಿ ಕ್ಯಾಮೆರಾದಲ್ಲಿ ಮಿನುಗಿ ಅಲೆಯಾಡಿದಂತೆ ಕಾಣುತ್ತದೆ. ಬಿಳಿ ಸುಣ್ಣದ ಗೋಡೆಯ ಮುಂದೆ ಬಿಳಿ ಅಂಗಿ ಹಾಕಿ ಕುಳಿತರೆ ತಲೆಯೊಂದೇ ತೇಲಿದಂತಿರುತ್ತದೆ. ತಿಳಿನೀಲಿಯೋ ಹಸಿರೋ ಇರಲಿ, ಹಿಂದಿನ ಸಂಜೆ ಅದೇ ಜಾಗದಲ್ಲಿ ಕುಳಿತು ಫೋನಿನಲ್ಲಿ ಒಮ್ಮೆ ನೋಡಿಕೊಳ್ಳಿ.

ಎರಡನೇ ಸುತ್ತಿಗೂ ಅದೇ ಬಟ್ಟೆ ಹಾಕಬಹುದೇ?

ಹಾಕಬಹುದು. ಒಗೆದಿರಬೇಕು, ಅಷ್ಟೇ. ಒಂದೇ ದಿನ ಎರಡು ಸುತ್ತುಗಳಿದ್ದರೆ ಮಧ್ಯಾಹ್ನದ ಊಟದಲ್ಲಿ ಸಾಂಬಾರಿನಿಂದ ದೂರವಿರಿ, ಮೊಸರನ್ನ ವಾಸಿ.

ಅಲ್ಲಿಗೆ ಹೋದ ಮೇಲೆ ಗುಂಡಿ ಕಿತ್ತುಬಂದರೆ, ಅಂಚು ಬಿಚ್ಚಿದರೆ?

ಫೈಲಿನ ಜೇಬಿನಲ್ಲಿ ನಾಲ್ಕು ಪಿನ್ನು, ಬಿಳಿ ಮತ್ತು ಕಪ್ಪು ದಾರ ಪೋಣಿಸಿಟ್ಟ ಎರಡು ಸೂಜಿ, ಒಂದು ಕರವಸ್ತ್ರ ಇಟ್ಟುಕೊಂಡಿರಿ. ಅಂಗಿಯ ಕೆಳತುದಿಯಲ್ಲಿ ಪ್ಯಾಂಟಿನೊಳಗೆ ಹೋಗುವ ಗುಂಡಿಯನ್ನು ಬಿಚ್ಚಿ, ಕಿತ್ತುಬಂದ ಜಾಗಕ್ಕೆ ಹೊಲಿದುಕೊಂಡರೆ ಯಾರಿಗೂ ತಿಳಿಯುವುದಿಲ್ಲ. ಪ್ಯಾಂಟಿನ ಅಂಚು ಬಿಚ್ಚಿದರೆ ಒಳಗಡೆಯಿಂದ ಸೆಲ್ಲೋಟೇಪ್ ಅಂಟಿಸಿದರೂ ಸಂಜೆಯವರೆಗೆ ತಡೆಯುತ್ತದೆ. ಟೇಪ್ ಇಲ್ಲದಿದ್ದರೆ ಸ್ವಾಗತಕಾರರ ಮೇಜಿನಲ್ಲಿ ಕೇಳಿ, ಕೊಡುತ್ತಾರೆ.